ಶ್ರೀರಂಗಪಟ್ಟಣದ ಸೆರೆಯಾಳು: ಕಪ್ತಾನ ಜೇಮ್ಸ್ ವಿಲ್ಸನ್

1810ನೆಯ ಇಸವಿಯಲ್ಲಿ ಹ್ಯಾಂಡ್ಸ್ ಪಾದ್ರಿಯವರು ಬಳ್ಳಾರಿಗೆ ಬಂದು ಸುವಾರ್ತೆಯ ಕೆಲಸವನ್ನಾರಂಭಿಸಿದರೆಂಬುದನ್ನು ನಮ್ಮ ಸಭೆಗಳವರು ಬಲ್ಲರು. ಆದರೆ ಅವರನ್ನು ಕಳುಹಿಸಿದ ಲಂಡನ್ ಮಿಶನ್ ಸಂಘದವರ ಮೊಟ್ಟಮೊದಲನೆಯ ಹಡಗನ್ನು ನಡಿಸಿದ ಕಪ್ತಾನರು, ಅದಕ್ಕೆ ಬಹು ವರುಷಗಳ ಮುಂಚೆಯೇ ನಮ್ಮ ಕನ್ನಡನಾಡಿನಲ್ಲಿ ಬೇಡಿ ತೊಟ್ಟು ಸೆರೆಯಲ್ಲಿ ಬಿದ್ದಿದ್ದವರೆಂಬುದನ್ನು ಬಲ್ಲವರು ಕೊಂಚವೇ. ಆದಕಾರಣ ಅವರ ಚರಿತ್ರೆಯನ್ನು ಈ ತಿಂಗಳು ಹೇಳಲು ಮನಸ್ಸು ಮಾಡಿದ್ದೇವೆ.

ಜೇಮ್ಸ್ ವಿಲ್ಸನ್ನರು 1760ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆಯು ನ್ಯೂಕ್ಯಾಸಲ್ ವ್ಯಾಪಾರದ ಹಡಗಿನ ಕಪ್ತಾನನು. ಹತ್ತೊಂಬತ್ತು ಮಕ್ಕಳಲ್ಲಿ ಇವರೇ ಕಡೆಯವರು. ಚಿಕ್ಕಂದಿನಲ್ಲಿಯೇ ಸಮುದ್ರದ ಬಾಳನ್ನು ಹಿಡಿದರು. ಅಮೇರಿಕದವರಿಗೂ ಇಂಗ್ಲಿಷರಿಗೂ ಯುದ್ಧವಾದಾಗ ಬಂಕರ್ ಹಿಲ್ ಎಂಬಲ್ಲಿಯೂ ಲಾಂಗ್ ಐಲೆಂಡಿನಲ್ಲಿಯೂ ಕಾದಾಡಿ, ಬಳಿಕ ಕುಂಪಣಿಯ ಹಡಗಿನಲ್ಲಿ ಅಧಿಕಾರಿಯಾಗಿ ಹಿಂದೂದೇಶಕ್ಕೆ ಬಂದರು.

ಆ ಕಾಲದಲ್ಲಿ ಕುಂಪಣಿಯವರಿಗೂ ಹೈದರ್ ನವಾಬನಿಗೂ ಘೋರ ಯುದ್ಧವು ನಡೆಯುತ್ತಿತ್ತು. ಫ್ರೆಂಚರು ಹೈದರನ ಪಕ್ಷದವರಾಗಿ ಸಮುದ್ರವನ್ನು ಕಾಯುತ್ತಿದ್ದರು. ಜನರಲ್ ಕೂಟರ ದಂಡು ಧಾನ್ಯವಿಲ್ಲದೆ ಕಂಗೆಟ್ಟಿದ್ದಾಗ ವಿಲ್ಸನ್ನರು ಫ್ರೆಂಚರ ಕಣ್ಣು ತಪ್ಪಿಸಿ ಹಡಗಿನಲ್ಲಿ ಆಹಾರವನ್ನು ಮುಟ್ಟಿಸಿದರು. ಆದರೆ ಆಮೇಲೆ ತಾವೇ ಫ್ರೆಂಚರ ಕೈಗೆ ಸಿಕ್ಕಿ ಕಡಲೂರಿನಲ್ಲಿ ಇಡಲ್ಪಟ್ಟರು. 1782ರಲ್ಲಿ ಫ್ರೆಂಚ್ ನೌಕಾಪತಿಯಾದ ಸುಫ್ರೆನನು ತನ್ನ ಸೆರೆಯಾಳುಗಳನ್ನು ಹೈದರನಿಗೆ ಒಪ್ಪಿಸಿಬಿಡುವನೆಂಬ ಸುದ್ದಿಯು ಕಿವಿಗೆ ಬೀಳಲಾಗಿ, ಇವರು ಕತ್ತಲಲ್ಲಿ ಎತ್ತರವಾದ ಕೋಟೆಗೋಡೆಯಿಂದ ಕೆಳಗೆ ಧುಮುಕಿ ಓಡಿದರು. ದೇನರ ಊರಾದ ತರಂಗಂಬಾಡಿಯನ್ನು ಸೇರಬೇಕೆಂಬುದು ಅವರ ಎಣಿಕೆ. ಜೀಗೆನ್‌ಬಾಲ್ಗ್ ಪಾದ್ರಿಯವರು 1706ರಲ್ಲಿ ಬಂದಿಳಿದ ಊರು ಅದೇ. ಆದರೆ ವಿಲ್ಸನ್ನರು ಅರಸಿದ್ದು ಜೀವವನ್ನು ಉಳಿಸಿಕೊಳ್ಳುವ ಎಡೆಯನ್ನೇ ಹೊರತು ದೇವರ ವಾಕ್ಯವನ್ನಲ್ಲ.

ದಾರಿಯಲ್ಲಿ ಕೊಳ್ಳಿಡಂ ನದಿಯು ಅಡ್ಡವಾಯಿತು. ತುಂಬಿದ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದ ನಮ್ಮ ಹಿರಿಯರಿಗೆ ಹೊಳೆಯ ಭಯವೇನೆಂಬುದನ್ನು ಹೇಳಬೇಕಾದದ್ದಿಲ್ಲ. ಆ ನದಿಯಲ್ಲಿ ಮೊಸಳೆಗಳು ತುಂಬಿದ್ದವು. ಇವರು ಅದನ್ನರಿಯದೆ ಈಸಿ ಆಚೇ ದಡವನ್ನು ಮುಟ್ಟಿದರು. ಮುಟ್ಟಿದೊಡನೆ ಹೈದರನ ಸವಾರರ ಕೈಗೆ ಸಿಕ್ಕಿದರು. ಹೊಳೆಯನ್ನು ಈಸಿ ಬಂದೆನೆಂದು ಇವರು ಹೇಳಿದ್ದನ್ನು ಸರದಾರನು ಮೊದಲು ನಂಬಲಿಲ್ಲ. ನಿಜವೆಂದು ತಿಳಿದಾಗ ಈತನು ದೇವರು ಕಾಪಾಡಿದ ಮನುಷ್ಯನಾಗಿರಬೇಕೆಂದು ಬೆರಗಾದನಂತೆ. ಆ ಮುಸಲ್ಮಾನ ಸರದಾರನಿಗೆ ಕಂಡ ದೇವರ ಕೈಯು, ಕಾಪಾಡಲ್ಪಟ್ಟವನಿಗೆ ಇನ್ನೂ ಹಲವು ವರುಷ ಕಾಣಲಿಲ್ಲ.

ಹೈದರನ ದಂಡನ್ನು ಸೇರಿ ಅವನ ಮತವನ್ನು ಹಿಡಿದರೆ ಒಳ್ಳೇ ಪದವಿ ಸಿಕ್ಕುವುದೆಂದು ಇವರಿಗೆ ಆಶೆ ತೋರಿಸಿದರು. ಇವರು ಒಲ್ಲೆನೆಂದರು. ಇದನ್ನು ನಾವು ರಕ್ತಸಾಕ್ಷಿಯ ಧೈರ್ಯವೆಂದು ಹೇಳಲಾರೆವು. ಯಾಕಂದರೆ ಆಗ ಇವರಿಗೆ ಯಾವ ನಂಬಿಕೆಯೂ ಇರಲಿಲ್ಲ. ಸಿಪಾಯಿಯ ಮಾನವೊಂದೇ ಇತ್ತು. ಆ ಮಾನಕ್ಕಾಗಿ ಬಟ್ಟೆಯಿಲ್ಲದೆ, ಬರಿಗಾಲಲ್ಲಿ, ಒಬ್ಬ ಸಾಮಾನ್ಯ ಸಿಪಾಯಿಯೊಂದಿಗೆ ಸಂಕೋಲೆ ಕಟ್ಟಿಸಿಕೊಂಡು, ಬಿಸಿಲಲ್ಲಿ ನೂರಾರು ಮೈಲು ನಡೆದು ಶ್ರೀರಂಗಪಟ್ಟಣಕ್ಕೆ ಬಂದರು.

ಅಲ್ಲಿ 22 ತಿಂಗಳು. ಸೆರೆಯಾಳುಗಳಿಗೆ ಕೊಂಚ ಅಕ್ಕಿಯ ಹೊರತು ಬೇರೆ ಆಹಾರವು ಕಡಿಮೆ. ರಾತ್ರಿ ಒಬ್ಬರಿಗೊಬ್ಬರನ್ನು ಸಂಕೋಲೆಯಿಂದ ಬಿಗಿಯುತ್ತಿದ್ದರು. ಬೆಳಗಾಗುವಾಗ ಜೊತೆಯವನು ಸತ್ತಿರುವನು. ಹೆಣದಿಂದ ಬಿಡಿಸಿ ಬದುಕಿದ್ದ ಇನ್ನೊಬ್ಬನಿಗೆ ಕಟ್ಟುವರು. ಕಡೆಗೆ ವಿಲ್ಸನ್ನರಿಗೂ ಮೈಯೆಲ್ಲಾ ನೀರು ತುಂಬಿ ಬಾವು ಬಂದಿತು. ಕಾಲುಗಳು ಊದಿ ಬೇಡಿಯ ಬಳೆಗಳು ಹಿಡಿಸದಷ್ಟಾದವು. ಆಗ ಅಕ್ಕಿಗೆ ಬದಲಾಗಿ ಆ ಸೀಮೆಯ ರಾಗಿಯನ್ನು ಕೊಂಡು, ಬೇಯಿಸಿದ ಗಂಜಿಯನ್ನು ಬಿಸಿಬಿಸಿಯಾಗಿ ಕುಡಿದರು. ಒಂದೇ ಹಗಲು ಕಳೆಯುವಷ್ಟರಲ್ಲಿ ನೀರಿಳಿದು ಕಾಲು ಸಣ್ಣಗಾಗಿ, ಬೇಡಿಯೊಳಗಿಂದ ಪಾದವನ್ನು ಎಳೆದುಕೊಳ್ಳುವ ಹಾಗಾಯಿತೆಂದು ಅವರ ಚರಿತ್ರೆಯಲ್ಲಿದೆ. ಜೋಳದ ರೊಟ್ಟಿಯನ್ನುಣ್ಣುವ ನಮ್ಮ ಕಡೆಯವರು ರಾಗಿಯನ್ನು ಮೈಸೂರಿನವರ ಊಟವೆಂದು ಕೆಲವು ಸಾರಿ ಹಗುರವಾಗಿ ಮಾತಾಡುವುದುಂಟು. ಆ ಬಡವರ ಧಾನ್ಯವೇ ಇವರ ಪ್ರಾಣವನ್ನು ಉಳಿಸಿತು.

ಹೈದರನು 1782ರ ಡಿಸೆಂಬರಿನಲ್ಲಿ ತೀರಿಕೊಂಡನು. 1784ರ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಟಿಪ್ಪುವಿಗೂ ಕುಂಪಣಿಯವರಿಗೂ ಒಪ್ಪಂದವಾದ ಮೇಲೆ ಉಳಿದ ಸೆರೆಯಾಳುಗಳಿಗೆ ಬಿಡುಗಡೆಯಾಯಿತು. ಹಸಿದ ಹೊಟ್ಟೆಗೆ ಮಾಂಸವನ್ನು ಅತಿಯಾಗಿ ತಿಂದು, ಸೆರೆಯಲ್ಲಿ ಸಾಯದವರು ಬಿಡುಗಡೆಯಲ್ಲಿ ಸಾಯುವ ಸ್ಥಿತಿಗೆ ಬಂದರು. ಅದರಿಂದಲೂ ಚೇತರಿಸಿಕೊಂಡು, ಪುನಃ ಹಡಗನ್ನೇರಿ, ಬಂಗಾಳ ಬೆಂಕೂಲೆನ್ ಮುಂತಾದ ಕಡೆಗಳಲ್ಲಿ ವ್ಯಾಪಾರ ಮಾಡಿ, ಸಾಕಾದಷ್ಟು ಹಣವನ್ನು ಗಳಿಸಿ ಸ್ವದೇಶಕ್ಕೆ ಹೊರಟರು.

ಆ ಹಡಗಿನಲ್ಲಿ ಜಾನ್ ಥಾಮಸ್ ಎಂಬ ವೈದ್ಯರಿದ್ದರು. ಇವರೇ 1793ರಲ್ಲಿ ಕೇರಿ ಪಾದ್ರಿಯವರೊಂದಿಗೆ ಬಂಗಾಳಕ್ಕೆ ಬಂದವರು. ವಿಲ್ಸನ್ನರು ದೇವರೊಬ್ಬನಿರಬಹುದು, ಆದರೆ ಸತ್ಯವೇದವು ಕಟ್ಟುಕಥೆಯೆಂದು ಇವರೊಂದಿಗೆ ದಿನದಿನವೂ ವಾದಿಸುತ್ತಿದ್ದರು. ಥಾಮಸರು ಬೇಸತ್ತು, ಈತನಿಗಿಂತ ಹಡಗಿನ ಲಾಸ್ಕರರನ್ನು ತಿರುಗಿಸುವುದು ಸುಲಭವೆಂದು ಮತ್ತೊಬ್ಬ ಅಧಿಕಾರಿಗೆ ಹೇಳಿಬಿಟ್ಟರು. ಆ ಮಾತು ವಿಲ್ಸನ್ನರ ಕಿವಿಗೆ ಮುಟ್ಟಿ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು.

ಇಂಗ್ಲೆಂಡಿನಲ್ಲಿ ಹಾರ್ನ್‌ಡೀನ್ ಎಂಬಲ್ಲಿ ಮನೆ ಮಾಡಿ, ತಂಗಿದ್ದರು. ಅಣ್ಣತಮ್ಮಂದಿರ ಸಂತತಿಯವಳಾದ ಒಬ್ಬ ಹುಡುಗಿಯು ಮನೆಯನ್ನು ನೋಡಿಕೊಳ್ಳುತ್ತಿದ್ದಳು, ಆಕೆಯು ಭಕ್ತಿವಂತಳು. ಪೋರ್ಟ್‌ಸೀ ಊರಿನ ಗ್ರಿಫಿನ್ ಪಾದ್ರಿಯವರು ಒಂದು ದಿನ ತೋಟದಲ್ಲಿ ಗೆಳೆಯರ ಎದುರಿನಲ್ಲಿ ಇವರ ಆಕ್ಷೇಪಣೆಗಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು. ವಾದದಲ್ಲಿ ಸೋತದ್ದರಿಂದಲೇ ಯಾರೂ ಕ್ರಿಸ್ತನ ಬಳಿಗೆ ಬರುವುದಿಲ್ಲ. ಇವರೂ ಆ ದಿನ ಬರಲಿಲ್ಲ. ಕೇಳುತ್ತಾ, ಓದುತ್ತಾ, ಕೊಳ್ಳಿಡಂ ಹೊಳೆಯನ್ನೂ ಪಟ್ಟಣದ ಸೆರೆಯನ್ನೂ ನೆನಸುತ್ತಾ, ಮೆಲ್ಲಮೆಲ್ಲನೆ ಎದೆ ಕರಗಿತು. ಪೋರ್ಟ್‌ಸೀ ಸಭೆಯಲ್ಲಿ ಸೇರಿದರು.

1795ರಲ್ಲಿ ಲಂಡನ್ ಮಿಶನ್ ಸಂಘವು ಹುಟ್ಟಿತು. ದಕ್ಷಿಣ ಸಮುದ್ರದ ದ್ವೀಪಗಳಿಗೆ ಹಡಗು ಬೇಕು, ಕಪ್ತಾನನು ಬೇಕೆಂಬುದನ್ನು ವಿಲ್ಸನ್ನರು ಒಂದು ಮಾಸಪತ್ರಿಕೆಯಲ್ಲಿ ಓದಿ, ಸಂಬಳವಿಲ್ಲದೆ ತಾವೇ ಬರುವುದಾಗಿ ತಿಳಿಸಿದರು. ಹಾಯಾಗಿ ಕೂತು ಉಣ್ಣಲು ಹಣವಿದ್ದವರು, ಸಮುದ್ರವನ್ನು ಬಿಟ್ಟವರು, ಪುನಃ ಉಪ್ಪುನೀರಿಗೆ ಇಳಿದರು. ಡಫ್ ಎಂಬ ಆ ಹಡಗು 1796ರ ಆಗಸ್ಟ್ 10ರಲ್ಲಿ ಥೇಮ್ಸ್ ನದಿಯನ್ನು ಬಿಟ್ಟಿತು. ಧ್ವಜದ ಮೇಲೆ ಎಣ್ಣೆಮರದ ಚಿಗುರನ್ನು ಕಚ್ಚಿದ ಮೂರು ಪಾರಿವಾಳಗಳಿದ್ದವು. ಹೊರಟ ಗಂಡಸರು 30 ಮಂದಿ. ಅವರಲ್ಲಿ ದೀಕ್ಷೆ ಹೊಂದಿದ ಪಾದ್ರಿಗಳು ನಾಲ್ವರೇ. ಉಳಿದವರು ಬಡಗಿ, ನೇಕಾರ, ಮೋಚಿ, ದರ್ಜಿ, ಗೋಡೆ ಕಟ್ಟುವವನು, ಇಂಥ ಕೈಗೆಲಸದವರು. ಹೆಂಗಸರು ಆರು ಮಂದಿ, ಮಕ್ಕಳು ಮೂವರು.

ಹಾರ್ನ್ ಭೂಶಿರವನ್ನು ಸುತ್ತಲು ಬಿರುಗಾಳಿಯು ಬಿಡದಿರಲು ಕಪ್ತಾನರು ಹಡಗನ್ನು ಪೂರ್ವಕ್ಕೆ ತಿರುಗಿಸಿ, 97 ದಿವಸ ನೆಲವನ್ನೇ ಕಾಣದೆ ನಡಿಸಿದರು. 1797ರ ಮಾರ್ಚ್ 5ರ ಭಾನುವಾರ ತಹೀತಿ ದ್ವೀಪಕ್ಕೆ ಮುಟ್ಟಿದರು. ದೋಣಿಗಳಲ್ಲಿ ಬಂದು ಹಡಗನ್ನು ಮುತ್ತಿದ ಜನರ ನಡುವೆ ಅಟ್ಟದ ಮೇಲೆ ಆರಾಧನೆ ನಡೆಯಿತು. ಅಲ್ಲಿ 18 ಮಂದಿಯನ್ನು ಇಳಿಸಿ, ಟೊಂಗಾದಲ್ಲಿ ಹತ್ತು ಮಂದಿಯನ್ನು ಬಿಟ್ಟು, ಮಾರ್ಕೇಸಸ್ ದ್ವೀಪಗಳಿಗೆ ಇಬ್ಬರನ್ನು ಒಯ್ದರು. ಅವರಲ್ಲೊಬ್ಬನು ಹೆದರಿ ಹಿಂದಿರುಗಿದನು. ಫಿಜಿಯ ಬಳಿ ಹಡಗು ಬಂಡೆಗೆ ತಗಲಿಯೂ ಒಡೆಯದೆ ಉಳಿಯಿತು. ಚೀನದ ಕ್ಯಾಂಟನ್ನಿನಲ್ಲಿ ಚಹವನ್ನು ತುಂಬಿಸಿಕೊಂಡು 1798ರ ಜುಲೈಯಲ್ಲಿ ಊರು ಸೇರಿದರು.

ಆಮೇಲೆ ವಿಲ್ಸನ್ನರು ಮದುವೆಯಾಗಿ, ಲಂಡನ್ನಿನ ಹತ್ತಿರ ನೆಲಸಿ, ಮಕ್ಕಳ ತಂದೆಯಾದರು. ಹೆಣದೊಂದಿಗೆ ಕಟ್ಟಲ್ಪಟ್ಟು ಮಲಗಿದ್ದವರ ಕೊನೆಯ ವರುಷಗಳು ತಮ್ಮ ಮನೆಯಲ್ಲಿ, ಹೆಂಡತಿ ಮಕ್ಕಳ ನಡುವೆ, ಸಭೆಯವರ ಸಹವಾಸದಲ್ಲಿ ಕಳೆದವು.

ಆದರೂ ದ್ವೀಪಗಳಿಂದ ಬರುತ್ತಿದ್ದ ಸುದ್ದಿಯು ಕಹಿಯಾಗಿತ್ತು. 1798ರಲ್ಲಿಯೇ ತಹೀತಿಯಿಂದ ಹನ್ನೊಂದು ಮಂದಿ ಭಯದಿಂದ ಆಸ್ಟ್ರೇಲಿಯಕ್ಕೆ ಹೊರಟುಹೋದರು. 1799ರಲ್ಲಿ ಟೊಂಗಾದಲ್ಲಿ ಮೂವರು ಕೊಲ್ಲಲ್ಪಟ್ಟರು. ಡಫ್ ಹಡಗು ಬೇರೊಬ್ಬ ಕಪ್ತಾನನ ಕೈಕೆಳಗೆ ಎರಡನೆಯ ಸಾರಿ ಹೊರಟಾಗ ಫ್ರೆಂಚರ ಪಾಲಾಯಿತು. ಜನರನ್ನು ಆರಿಸುವುದರಲ್ಲಿ ಸಂಘದವರು ಅವಸರಪಟ್ಟರೆಂದು ನಮಗೆ ತೋರುತ್ತದೆ. ಭಾಷೆಯನ್ನು ಕಲಿಯದವರನ್ನು ಅಷ್ಟು ದೂರ ಕಳುಹಿಸಿ ಬೇಗನೆ ಬೆಳೆಯನ್ನು ಬಯಸಿದರು. ಇಟ್ಟಿಗೆ ಕೆಲಸದ ಹೆನ್ರಿ ನಾಟ್ ಎಂಬಾತನು ಮಾತ್ರ ತಹೀತಿಯ ಭಾಷೆಯನ್ನು ಹಿಡಿದು ಬಿಡದೆ ನಿಂತನು.

ವಿಲ್ಸನ್ನರು 1814ರಲ್ಲಿ ತೀರಿಕೊಂಡರು. ಅವರು ಸತ್ತು ಐದು ವರುಷಗಳಾದ ಮೇಲೆ, 1819ರ ಮೇ ತಿಂಗಳಲ್ಲಿ, ತಹೀತಿಯ ಅರಸನಾದ ಪೊಮಾರೆಯು 712 ಅಡಿ ಉದ್ದದ ದೇವಾಲಯವನ್ನು ಕಟ್ಟಿಸಿ ಅದರಲ್ಲಿ ದೀಕ್ಷಾಸ್ನಾನ ಹೊಂದಿದನು. ಆ ದೇವಾಲಯವು ಎಷ್ಟು ಉದ್ದವಾಗಿತ್ತೆಂದರೆ ಗುಡ್ಡದಿಂದ ಕಡಲಿಗೆ ಇಳಿಯುವ ಒಂದು ಹಳ್ಳವು ಅದರ ನಡುವೆಯೇ ಹರಿಯುತ್ತಿತ್ತು.