ಅರಣ್ಯಪಥಿಕ ಜಾನ್ ಮ್ಯೂರ್

ಕುದುರೆಮುಖದ ಸಾಲನ್ನು ದಿನವೂ ಕಾಣುವ ನಮ್ಮ ತಾಲೂಕಿನವರಿಗೆ ಬೆಟ್ಟವೆಂದರೆ ಹೊಸತಲ್ಲ. ರಜಾದಿನಗಳಲ್ಲಿ ಗಡಾಯಿಕಲ್ಲನ್ನು ಹತ್ತಲು ತರುಣರು ತಂಡತಂಡವಾಗಿ ಬರುವುದನ್ನೂ ಬಲ್ಲೆವು. ಹೀಗೆ ಬೆಟ್ಟ ಹತ್ತುವವರೇ ಸಂಘ ಕಟ್ಟಿ ಕಾಡನ್ನು ಕಾಯಬಲ್ಲರೆಂದು ತೋರಿಸಿದವರಲ್ಲಿ ಅಮೆರಿಕದ ಜಾನ್ ಮ್ಯೂರರು ಅಗ್ರಗಣ್ಯರು.

ಅವರು ಜನಿಸಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡಿನ ಡನ್‌ಬಾರಿನಲ್ಲಿ. 1849ರಲ್ಲಿ ಕುಟುಂಬವು ಕಡಲು ದಾಟಿ ವಿಸ್ಕಾನ್ಸಿನ್ ಪ್ರಾಂತಕ್ಕೆ ಬಂದು ಕಾಡು ಕಡಿದು ಹೊಲ ಮಾಡಿತು. ತಂದೆ ಕಟ್ಟುನಿಟ್ಟಿನ ದೈವಭಕ್ತ. ಮಗನನ್ನು ಎತ್ತಿನಂತೆ ದುಡಿಸಿದನು. ತೊಂಬತ್ತು ಅಡಿಯ ಬಾವಿಯನ್ನು ಹುಡುಗನು ಕಲ್ಲಿನಲ್ಲಿ ಉಳಿಯಿಂದ ಕೊರೆಯುತ್ತಿದ್ದಾಗ ವಿಷವಾಯು ತುಂಬಿ ಪ್ರಾಣವೇ ಹೋಗುವುದರಲ್ಲಿತ್ತು. ಹಗಲು ಬಿಡುವಿಲ್ಲದ್ದರಿಂದ ನಡುರಾತ್ರಿ ಕಳೆದೊಡನೆ ಎದ್ದು ಕಲಿತನು. ವಿಶ್ವವಿದ್ಯಾನಿಲಯಕ್ಕೆ ಸೇರಿಯೂ ಪದವಿ ಪಡೆಯದೆ ಹೊರಬಂದನು. ಪದವಿಯ ಹೊಸ್ತಿಲಲ್ಲಿರುವ ನಮಗೆ ಇದು ತುಸು ಇರಿಸುಮುರಿಸಿನ ಸಂಗತಿಯೇ ಸರಿ!

1867ರಲ್ಲಿ ಗಾಡಿ ತಯಾರಿಸುವ ಕಾರ್ಖಾನೆಯಲ್ಲಿ ಅರದ ತುದಿ ಕಣ್ಣಿಗೆ ತಗುಲಿ, ವಾರಗಟ್ಟಲೆ ಕತ್ತಲೆಕೋಣೆಯಲ್ಲಿ ಮಲಗಿದರು. ದೃಷ್ಟಿ ಮರಳಿದ ಮೇಲೆ ಯಂತ್ರಗಳ ಸಹವಾಸವನ್ನು ಬಿಟ್ಟು ಫ್ಲಾರಿಡಾದ ಕಡಲತೀರದವರೆಗೆ ಸುಮಾರು ಸಾವಿರ ಮೈಲಿ ನಡೆದರು. ಮರುವರ್ಷ ಕ್ಯಾಲಿಫೋರ್ನಿಯಾದ ಯೋಸೆಮಿಟಿ ಕಣಿವೆಯನ್ನು ಕಂಡರು. ಅಲ್ಲಿನ ಬೆಟ್ಟಗಳಲ್ಲಿ ಕುರಿ ಕಾಯುತ್ತಿದ್ದಾಗಲೇ, ಮಂದೆಗಳು ಹುಲ್ಲುಗಾವಲನ್ನು ಬೋಳು ಮಾಡುವುದನ್ನು ಕಣ್ಣಾರೆ ಕಂಡರು. ಯೋಸೆಮಿಟಿ ರಾಷ್ಟ್ರೀಯ ಉದ್ಯಾನವು 1890ರಲ್ಲಿ ಸ್ಥಾಪಿತವಾದುದರಲ್ಲಿ ಅವರ ಲೇಖನಗಳ ಪಾಲು ದೊಡ್ಡದು.

1892ರಲ್ಲಿ 182 ಸದಸ್ಯರೊಡನೆ ಸಿಯೆರಾ ಕ್ಲಬ್ ಹುಟ್ಟಿತು. ಮ್ಯೂರರು ಮರಣಪರ್ಯಂತ ಅದರ ಅಧ್ಯಕ್ಷರು. 1901ರಿಂದ ವಿಲಿಯಂ ಕೋಲ್ಬಿಯವರು ಪ್ರತಿ ಬೇಸಗೆಯಲ್ಲಿ ಸದಸ್ಯರನ್ನು ಬೆಟ್ಟಗಳಿಗೆ ಕರೆದೊಯ್ದರು. ಕಣಿವೆಯಲ್ಲಿ ನಡೆದು ಬಂದವನು ಅದರ ಪರವಾಗಿ ಮಾತನಾಡದೆ ಇರಲಾರನೆಂಬುದೇ ಇದರ ಹಿಂದಿನ ಯೋಚನೆ.

ಈ ನಂಬಿಕೆಗೆ ಅಗ್ನಿಪರೀಕ್ಷೆ ಬಂದದ್ದು ಹೆಚ್‌ಹೆಚಿ ಕಣಿವೆಯಲ್ಲಿ. ಉದ್ಯಾನದೊಳಗೇ ಇದ್ದ ಆ ಕಣಿವೆಗೆ ಅಣೆಕಟ್ಟು ಕಟ್ಟಿ ನೀರು ಒಯ್ಯಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ ನಗರವು ಹಟ ಹಿಡಿಯಿತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಬೆಂದ ಊರು ಅದು. ಅದರ ಬೇಡಿಕೆ ಬರಿಯ ದುರಾಸೆಯೆನ್ನಲಾಗದು. ಕ್ಲಬ್ಬಿನ ಸದಸ್ಯರಲ್ಲೇ ಕೆಲವರು ನಗರದ ಪರ ನಿಂತರು. ಮುದುಕ ಮ್ಯೂರರು ವರ್ಷಗಟ್ಟಲೆ ಬರೆದರು, ವಾದಿಸಿದರು, ಸೋತರು. 1913ರ ಡಿಸೆಂಬರಿನಲ್ಲಿ ಅಧ್ಯಕ್ಷ ವಿಲ್ಸನ್ನರು ಶಾಸನಕ್ಕೆ ಸಹಿ ಹಾಕಿದರು.

ಮ್ಯೂರರ ದೃಷ್ಟಿಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಯೋಸೆಮಿಟಿಯಲ್ಲಿ ತಲೆತಲಾಂತರದಿಂದ ಬಾಳಿದ್ದ ಆಹ್ವಾನೀಚೀ ಜನರನ್ನು 1851ರಲ್ಲಿ ಸಶಸ್ತ್ರ ಪಡೆ ಹೊರಗಟ್ಟಿತ್ತು. ನಿರ್ಜನ ವನವೆಂದು ಅವರು ಕೊಂಡಾಡಿದ ನೆಲ ಇನ್ನೊಬ್ಬರ ಮನೆಯಾಗಿತ್ತು. ಕುದುರೆಮುಖದ ಉದ್ಯಾನದಲ್ಲಿ ಮಲೆಕುಡಿಯರ ಮನೆಗಳನ್ನು ಬಲ್ಲ ನಾವು ಇದನ್ನು ಹಗುರವಾಗಿ ದಾಟುವಂತಿಲ್ಲ.

1914ರ ಡಿಸೆಂಬರ್ 24ರಂದು ಮ್ಯೂರರು ತೀರಿಕೊಂಡರು. ಮರುವರ್ಷ ಅವರ ಹೆಸರಿನ ಕಾಲುದಾರಿಯ ಕೆಲಸ ಆರಂಭವಾಗಿ 1938ರಲ್ಲಿ ಮುಗಿಯಿತು. ಉದ್ದ ಸುಮಾರು 340 ಕಿಲೋಮೀಟರು. ಬೆಟ್ಟಗಳನ್ನು ಜನರಿಗೆ ಸುಗಮಗೊಳಿಸುವುದೂ ಕ್ಲಬ್ಬಿನ ಮೊದಲ ಧ್ಯೇಯಗಳಲ್ಲೊಂದಾಗಿತ್ತು. ಜನಸಂದಣಿಯನ್ನು ಕಂಡ ಮೇಲೆ, 1951ರಲ್ಲಿ, ಆ ಮಾತನ್ನು ತೆಗೆದು ಸಂರಕ್ಷಣೆಯೆಂಬ ಮಾತನ್ನು ಸೇರಿಸಿದರು. ಹೆಚ್‌ಹೆಚಿ ಇಂದಿಗೂ ನೀರಿನಡಿಯಲ್ಲಿದೆ.