ಲೋಹದ ಮೇಲೊಂದು ಸಂಗಮ

ಕೃಷ್ಣೆ–ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಹೋದಾಗಲೆಲ್ಲ ನನಗೆ ಬಸವಣ್ಣನವರ ಕಾಯಕ ತತ್ವದೊಂದಿಗೆ ಮತ್ತೊಂದು ಹೆಸರೂ ನೆನಪಾಗುತ್ತದೆ. ಅದು ಜ್ಞಾನಚಂದ್ರ ಘೋಷ್ ಅವರದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಅವರನ್ನು ಅರಿತಿದ್ದುದು ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದ ಯೋಜನಾ ಆಯೋಗದ ಸದಸ್ಯರೆಂದಷ್ಟೆ. ಅವರು ರಸಾಯನ ವಿಜ್ಞಾನಿಯೆಂಬುದು ತಿಳಿದದ್ದು ಬಹಳ ತಡವಾಗಿ.

1894ರಲ್ಲಿ ಜನಿಸಿದ ಘೋಷ್, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಸಹಪಾಠಿಗಳು. ಪ್ರಬಲ ವಿದ್ಯುದ್ವಿಭಾಜ್ಯಗಳನ್ನು ಕುರಿತು 1918ರಲ್ಲಿ ಅವರು ಮಂಡಿಸಿದ ಸಿದ್ಧಾಂತ ಯೂರೋಪಿನ ಗಮನ ಸೆಳೆಯಿತು. ದ್ರಾವಣದಲ್ಲಿಯೂ ಅಯಾನುಗಳು ಹರಳಿನೊಳಗಿನಂತೆ ಕ್ರಮಬದ್ಧವಾಗಿರುತ್ತವೆ ಎಂಬುದು ಅವರ ಊಹೆ. 1923ರಲ್ಲಿ ಡಿಬೈ ಮತ್ತು ಹುಕೆಲ್ ಅವರ ಸಿದ್ಧಾಂತ ಬಂದು ಅದನ್ನು ಹಿಂದಿಕ್ಕಿತು. ಮೂವತ್ತು ತುಂಬುವ ಮೊದಲೇ ಕೀರ್ತಿಯ ಏರಿಳಿತ ಕಂಡ ಘೋಷ್ ಕೈಚೆಲ್ಲಲಿಲ್ಲ. ಢಾಕಾದಲ್ಲಿ 1939ರವರೆಗೂ ಪಾಠ ಹೇಳಿದರು, ಸಂಶೋಧನೆ ನಡೆಸಿದರು.

ಆ ವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅದು ಯುದ್ಧಕಾಲ. ಪೆಟ್ರೋಲ್ ಅಭಾವದಿಂದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡುತ್ತಿದ್ದ ದಿನಗಳು. ಕಲ್ಲಿದ್ದಲಿನಿಂದ ದ್ರವ ಇಂಧನ ಪಡೆಯುವ ಮಾರ್ಗವನ್ನು ಜರ್ಮನಿಯ ಫಿಷರ್ ಮತ್ತು ಟ್ರಾಪ್ಶ್ 1920ರ ದಶಕದಲ್ಲೇ ತೋರಿದ್ದರು. ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳನ್ನು ಕೋಬಾಲ್ಟ್ ಅಥವಾ ಕಬ್ಬಿಣದ ಮೇಲೆ ಹಾಯಿಸಿದರೆ ಅವು ಹೈಡ್ರೋಕಾರ್ಬನ್‌ಗಳಾಗುತ್ತವೆ. ಈ ಸಂಕ್ರಮಣ ಲೋಹಗಳ ಗುಣವೇ ಅಂಥದು. ಅನಿಲದ ಅಣುಗಳನ್ನು ಅವು ಹಿಡಿಯುತ್ತವೆ, ಆದರೆ ಬಿಡಲಾರದಷ್ಟು ಬಿಗಿಯಾಗಿ ಅಲ್ಲ. ಲೋಹಕ್ಕೂ ಇಂಗಾಲಕ್ಕೂ ಏರ್ಪಡುವ ಈ ಬಂಧವೇ ಸಾವಯವ ಲೋಹ ರಸಾಯನ ವಿಜ್ಞಾನದ ತಿರುಳು. ಕೋಬಾಲ್ಟ್ ವೇಗವರ್ಧಕದ ಮೇಲೆ ಈ ಎರಡು ಅನಿಲಗಳು ಬಿಡಿಯಾಗಿಯೂ ಕೂಡಿಯೂ ಹೇಗೆ ನೆಲೆಗೊಳ್ಳುತ್ತವೆ ಎಂಬುದನ್ನು ಘೋಷ್ ಮತ್ತು ಸಹೋದ್ಯೋಗಿಗಳು ಅಳೆದರು. ಆ ಪ್ರಬಂಧ 1952ರಲ್ಲಿ ಪ್ರಕಟವಾಯಿತು.

ಇದರ ನಡುವೆಯೇ ಅವರು ಸಂಸ್ಥೆಯಲ್ಲಿ 1942ರಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನೂ 1945ರಲ್ಲಿ ಲೋಹಶಾಸ್ತ್ರ ವಿಭಾಗವನ್ನೂ ತೆರೆಯಿಸಿದರು. ಮುಂದೆ ಖರಗ್‌ಪುರ ಐಐಟಿಯ ಮೊದಲ ನಿರ್ದೇಶಕರಾದರು, ಬಳಿಕ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಗಳಾದರು. 1959ರಲ್ಲಿ ನಿಧನರಾದಾಗ ಯೋಜನಾ ಆಯೋಗದಲ್ಲಿದ್ದರು.

ಪ್ರಯೋಗಾಲಯ ಬಿಟ್ಟು ಕಡತ ಹಿಡಿದವರೆಂದು ಇಂಥವರನ್ನು ಮರೆಯುವುದು ಸುಲಭ. ಜೀವಮಾನವಿಡೀ ಕಡತಗಳ ನಡುವೆಯೇ ಕಳೆದ ನನಗೆ ಅದು ಅನ್ಯಾಯವೆನಿಸುತ್ತದೆ. ವೇಗವರ್ಧಕ ತಾನು ವ್ಯಯವಾಗದೆ ಕೆಲಸ ಮುಗಿಸುತ್ತದೆ ಎನ್ನುತ್ತಾರೆ. ಆಡಳಿತ ಹೊತ್ತ ವಿಜ್ಞಾನಿಗೆ ಆ ಭಾಗ್ಯವಿಲ್ಲ. ಕಟ್ಟಿದ ಪ್ರತಿ ವಿಭಾಗಕ್ಕೂ ಅವನ ಸಂಶೋಧನೆಯ ಒಂದಿಷ್ಟು ವರ್ಷಗಳು ಸವೆದಿರುತ್ತವೆ. ಘೋಷ್ ಆ ಬೆಲೆಯನ್ನು ತೆತ್ತರು.

ದಕ್ಷಿಣ ಆಫ್ರಿಕಾ 1955ರಲ್ಲೇ ಇದೇ ಮಾರ್ಗದಿಂದ ತೈಲ ತೆಗೆಯತೊಡಗಿತು. ನಮ್ಮ ಕೇಂದ್ರ ಸಂಪುಟ ಕಲ್ಲಿದ್ದಲು ಅನಿಲೀಕರಣಕ್ಕೆ 8,500 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಒಪ್ಪಿದ್ದು 2024ರಲ್ಲಿ. ಅನಿಲೀಕರಣದಿಂದ ದೊರೆಯುವುದೂ ಅದೇ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ. ಹಣ ಒದಗಿಸುವುದು ಸರ್ಕಾರಕ್ಕೆ ಸಾಧ್ಯ. ಆದರೆ ಆ ಅನಿಲಗಳು ಲೋಹದ ಮೇಲೆ ಹೇಗೆ ಕೂಡುತ್ತವೆಂದು ತಾಳ್ಮೆಯಿಂದ ಅಳೆಯುವವರನ್ನೂ, ಅವರಿಗೆ ನೆಲೆ ಕಟ್ಟಿಕೊಡುವವರನ್ನೂ ನಾವು ಬೆಳೆಸುತ್ತಿದ್ದೇವೆಯೇ?