ಪ್ರಾಗ್‌ನಲ್ಲಿ ಐನ್‌ಸ್ಟೈನ್: ಹದಿನಾರು ತಿಂಗಳ ಕಥೆ

ನಮ್ಮ ಫಿಸಿಕ್ಸ್ ಪುಸ್ತಕ ನೋಡಿದರೆ ಐನ್‌ಸ್ಟೈನ್ ಎರಡೇ ಊರಲ್ಲಿ ಬದುಕಿದ ಹಾಗೆ ಕಾಣುತ್ತೆ. 1905ರಲ್ಲಿ ಬರ್ನ್‌ನ ಪೇಟೆಂಟ್ ಆಫೀಸು, 1915ರಲ್ಲಿ ಬರ್ಲಿನ್. ಇವೆರಡರ ಮಧ್ಯೆ ಪ್ರಾಗ್ ಅನ್ನೋ ಊರೂ ಇದೆ. 1911ರ ಏಪ್ರಿಲ್‌ನಿಂದ 1912ರ ಜುಲೈವರೆಗೆ ಅವರು ಅಲ್ಲಿ ಪ್ರೊಫೆಸರ್ ಆಗಿದ್ದರು. ಎರಡು ಭಾಷೆಯ ಜನ ಒಬ್ಬರ ಮುಖ ಒಬ್ಬರು ನೋಡದೆ ಬದುಕುತ್ತಿದ್ದ ಊರದು. ಅಲ್ಲಿಗೆ ಮೂರನೆಯವರಾಗಿ ಹೋದ ಮನುಷ್ಯ ಹೇಗಿದ್ದರು ಅನ್ನೋದು ಗೊತ್ತಾದರೆ, ಅವರ ಬದುಕಿನ ಮುಂದಿನ ಭಾಗವೂ ಚೆನ್ನಾಗಿ ಅರ್ಥ ಆಗುತ್ತೆ.

ಆಲ್ಬರ್ಟ್ ಐನ್‌ಸ್ಟೈನ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್‌ನಲ್ಲಿ. ಬೆಳೆದದ್ದು ಮ್ಯೂನಿಕ್‌ನಲ್ಲಿ. ಅಪ್ಪ ಹರ್ಮನ್ ಮತ್ತು ಇಂಜಿನಿಯರ್ ಚಿಕ್ಕಪ್ಪ ಯಾಕೋಬ್ ಸೇರಿ ಡೈನಮೊ, ವಿದ್ಯುತ್ ದೀಪಗಳ ಕಂಪನಿ ನಡೆಸುತ್ತಿದ್ದರು. 1894ರಲ್ಲಿ ಕಂಪನಿ ಮುಳುಗಿ ಮನೆಯವರೆಲ್ಲ ಇಟಲಿಗೆ ಹೋದರು. ಹುಡುಗ ಸ್ವಲ್ಪ ದಿನ ಒಬ್ಬನೇ ಇದ್ದು, ಮಿಲಿಟರಿ ಶಿಸ್ತಿನ ಆ ಶಾಲೆ ಸಾಕಾಗಿ, ಓದು ಮುಗಿಸದೆ ತಾನೂ ಹೊರಟುಬಿಟ್ಟ. 1896ರಲ್ಲಿ, ಇನ್ನೂ ಹದಿನಾರು ವರ್ಷ ಇರುವಾಗಲೇ, ಜರ್ಮನ್ ಪೌರತ್ವವನ್ನೂ ಬಿಟ್ಟ. 1901ರಲ್ಲಿ ಸ್ವಿಸ್ ಪೌರತ್ವ ಸಿಗುವವರೆಗೆ ಐದು ವರ್ಷ ಅವನಿಗೆ ಯಾವ ದೇಶವೂ ಇರಲಿಲ್ಲ. ಅರ್ಜಿಯಲ್ಲಿ ರಾಷ್ಟ್ರೀಯತೆ ಅನ್ನೋ ಕಾಲಂ ಖಾಲಿ. ಅದರಿಂದ ಅವನಿಗೆ ಬೇಜಾರೇನೂ ಆದ ಹಾಗಿಲ್ಲ.

ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಜೊತೆಯಾದವರು ಮಿಲೇವಾ ಮಾರಿಚ್. ಆಗ ಹಂಗೇರಿಗೆ ಸೇರಿದ್ದ, ಸರ್ಬರು, ಹಂಗೇರಿಯನ್ನರು, ಜರ್ಮನ್ನರು ಕಲೆತು ಬಾಳುತ್ತಿದ್ದ ವೊಯ್ವೊದಿನಾ ಪ್ರದೇಶದ ಸರ್ಬಿಯನ್ ಹೆಣ್ಣುಮಗಳು. 1903ರಲ್ಲಿ ಮದುವೆ. 1905ರ ಪ್ರಬಂಧಗಳ ಕಥೆ ಎಲ್ಲರಿಗೂ ಗೊತ್ತು. 1909ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು, ಆದರೆ ಪೂರ್ಣ ಪ್ರೊಫೆಸರ್ ಹುದ್ದೆ ಅಲ್ಲ. ಅದನ್ನು ಕೊಡೋಕೆ ಮುಂದೆ ಬಂದದ್ದು ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯ.

ಇಲ್ಲಿ ಪ್ರಾಗ್ ಬಗ್ಗೆ ಸ್ವಲ್ಪ ಹೇಳಬೇಕು. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಊರು. ಜನರಲ್ಲಿ ಬಹುಪಾಲು ಚೆಕ್ ಮಾತಾಡುವವರು. ಜರ್ಮನ್ ಮಾತಾಡುವವರು ಹತ್ತರಲ್ಲಿ ಒಬ್ಬರೂ ಇಲ್ಲ, ಆದರೆ ಅಧಿಕಾರ, ದುಡ್ಡು, ಸ್ಥಾನಮಾನ ತುಂಬಾ ಕಾಲ ಅವರ ಕೈಯಲ್ಲಿತ್ತು. ಚೆಕ್ ಜನರಿಗೆ ಇದು ತಮ್ಮ ಊರಿನಲ್ಲೇ ತಮ್ಮ ಭಾಷೆಗೆ ಆದ ಅವಮಾನ. ಜರ್ಮನ್ನರಿಗೆ ಕಾಲ ಕೆಳಗಿನ ನೆಲ ಜಾರುತ್ತಿದೆ ಅನ್ನೋ ಭಯ. 1882ರಲ್ಲಿ ನೂರಾರು ವರ್ಷ ಹಳೆಯ ವಿಶ್ವವಿದ್ಯಾಲಯವನ್ನೇ ಚೆಕ್ ಒಂದು, ಜರ್ಮನ್ ಒಂದು ಅಂತ ಎರಡು ಮಾಡಿದರು. ನಾಟಕಶಾಲೆಯೂ ಎರಡು. ಭಾನುವಾರ ಸಂಜೆ ವಾಕಿಂಗ್ ಹೋಗುವ ಬೀದಿಯೂ ಬೇರೆ ಬೇರೆ. 1897ರಲ್ಲಿ ಆಡಳಿತ ಭಾಷೆಯ ಆದೇಶದ ವಿಷಯಕ್ಕೆ ಗಲಭೆ ಎದ್ದು, ಜರ್ಮನ್ನರ ಮತ್ತು ಯೆಹೂದಿಗಳ ಅಂಗಡಿಗಳನ್ನು ಒಡೆದರು. ಯೆಹೂದಿಗಳ ಪಾಡು ಇನ್ನೂ ಕಷ್ಟ: ಹೆಚ್ಚಿನವರು ಜರ್ಮನ್ ಮಾತಾಡುತ್ತಿದ್ದರಿಂದ ಚೆಕ್ ಜನರ ಕಣ್ಣಿಗೆ ಜರ್ಮನ್ನರು, ಜರ್ಮನ್ ರಾಷ್ಟ್ರವಾದಿಗಳ ಕಣ್ಣಿಗೆ ಬರೀ ಯೆಹೂದಿಗಳು.

ಇಂಥ ಊರಿಗೆ ಜರ್ಮನ್ ಭಾಷೆಯ, ಯೆಹೂದಿ ಮೂಲದ, ಸ್ವಿಸ್ ಪೌರತ್ವದ ಮನುಷ್ಯ ಸರ್ಬಿಯನ್ ಹೆಂಡತಿ ಜೊತೆ ಬಂದರೆ ಯಾವ ಗುಂಪಿಗೆ ಸೇರಿಸೋದು? ತಕರಾರು ಅವರು ಬರುವ ಮೊದಲೇ ಶುರುವಾಗಿತ್ತು. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಐನ್‌ಸ್ಟೈನ್ ಹೆಸರೇ ಮೊದಲು. ಆದರೆ ವಿಯೆನ್ನಾದ ಸಚಿವಾಲಯ ಹೊರಗಿನವರ ಬದಲು ಆಸ್ಟ್ರಿಯಾದವರೇ ಆದ ಗುಸ್ತಾವ್ ಯೌಮನ್ ಅವರಿಗೆ ಕೆಲಸ ಕೊಡಲು ಹೊರಟಿತು. ಯೌಮನ್ ಒಪ್ಪದೆ ಹಿಂದೆ ಸರಿದ ಮೇಲೆ ದಾರಿ ತೆರೆಯಿತು. ಆಮೇಲೆ ಅರ್ಜಿ. ಧರ್ಮದ ಕಾಲಂನಲ್ಲಿ ಐನ್‌ಸ್ಟೈನ್ ಯಾವುದೂ ಇಲ್ಲ ಅಂತ ಬರೆದರು. ಸಾಮ್ರಾಟರ ಸೇವೆಗೆ ಸೇರುವವರಿಗೆ ಅದು ನಡೆಯೋದಿಲ್ಲ, ಏನಾದರೂ ಒಂದು ಬರೆಯಲೇಬೇಕು ಅಂದರು. ಕೊನೆಗೆ ಯೆಹೂದಿ ಧರ್ಮಕ್ಕೆ ಅಲ್ಲಿನ ಕಚೇರಿಗಳು ಬಳಸುತ್ತಿದ್ದ ಮೊಸಾಯಿಕ್ ಅನ್ನೋ ಪದ ಬಿತ್ತು. ಪ್ರಮಾಣವಚನಕ್ಕೆ ಗರಿಯ ಟೋಪಿ, ಕತ್ತಿ ಇದ್ದ ಯೂನಿಫಾರ್ಮ್ ಬೇರೆ ಹೊಲಿಸಬೇಕಾಯಿತು. ಅದನ್ನು ಹಾಕಿದ್ದು ಒಂದೇ ಸಲ. ಊರು ಬಿಡುವಾಗ ಮುಂದಿನ ಪ್ರೊಫೆಸರ್‌ಗೆ ಕೊಟ್ಟು ಹೋದರು.

ಪ್ರಾಗ್‌ನಿಂದ ಸ್ನೇಹಿತರಿಗೆ ಬರೆದ ಕಾಗದಗಳಲ್ಲಿ ಅವರು ಊರಿನ ಸೊಬಗನ್ನು ಮೆಚ್ಚಿದ್ದಾರೆ, ಜನರ ನಡುವಿನ ಹಗೆತನವನ್ನೂ ಕಂಡಿದ್ದಾರೆ. ಬೀದಿಯಲ್ಲಿ ಹೆಚ್ಚಿನವರಿಗೆ ಜರ್ಮನ್ ಬೇಡ, ಜರ್ಮನ್ನರೂ ಬೇಡ. ಅವರು ಸ್ವಿಸ್ ಅಂತ ಹಣೆ ಮೇಲೆ ಬರೆದಿರಲಿಲ್ಲವಲ್ಲ, ಬಾಯಿ ತೆರೆದರೆ ಅವರೂ ಜರ್ಮನ್ನರೇ. ಜರ್ಮನ್ ಸಮಾಜದ ಒಣ ಶಿಷ್ಟಾಚಾರವೂ ಅವರಿಗೆ ಹಿಡಿಸಲಿಲ್ಲ. ಹೊಸ ಪ್ರೊಫೆಸರ್ ಸಹೋದ್ಯೋಗಿಗಳ ಮನೆಮನೆಗೆ ಹೋಗಿ ಬರುವುದು ಪದ್ಧತಿ. ಊರು ನೋಡಿದ ಹಾಗೂ ಆಗುತ್ತೆ ಅಂತ ಶುರು ಮಾಡಿದವರು, ಬೇಸರವಾಗಿ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಮನೆ ಬಿಟ್ಟುಹೋದವರಿಗೆ ಮುನಿಸು.

ಹಾಗಾದರೆ ಒಂಟಿಯಾಗಿದ್ದರಾ? ಇಲ್ಲ. ಗಣಿತಜ್ಞ ಗಿಯೋರ್ಗ್ ಪಿಕ್ ಆಪ್ತರಾದರು. ಗ್ರಿಡ್ ಮೇಲಿನ ಬಿಂದುಗಳನ್ನು ಎಣಿಸಿ ಬಹುಭುಜದ ವಿಸ್ತೀರ್ಣ ಕಂಡುಹಿಡಿಯುವ ಪಿಕ್ಸ್ ಥಿಯರಂ ಕೋಡಿಂಗ್ ಸ್ಪರ್ಧೆ ಮಾಡುವವರಿಗೆ ಗೊತ್ತಿರುತ್ತೆ, ಅದೇ ಪಿಕ್. ಹಳೆ ಊರಿನ ಚೌಕದಲ್ಲಿ ಬೆರ್ಟಾ ಫಾಂಟಾ ಅನ್ನೋ ವಿದ್ಯಾವಂತ ಹೆಂಗಸಿನ ಮನೆಯಲ್ಲಿ ತತ್ವಶಾಸ್ತ್ರದ ಚರ್ಚೆ, ಸಂಗೀತ ನಡೆಯುತ್ತಿತ್ತು. ಐನ್‌ಸ್ಟೈನ್ ಅಲ್ಲಿಗೆ ಪಿಟೀಲು ಹಿಡಿದು ಹೋಗುತ್ತಿದ್ದರು. ಮ್ಯಾಕ್ಸ್ ಬ್ರಾಡ್, ಹ್ಯೂಗೋ ಬರ್ಗ್‌ಮನ್ ಅಲ್ಲಿಗೆ ಬರುವವರು. ಎರಡು ಕಡೆಯಿಂದಲೂ ಪೆಟ್ಟು ತಿಂದ ಯೆಹೂದಿ ಯುವಕರು ಅಲ್ಲಿ ತಮ್ಮದೇ ರಾಷ್ಟ್ರದ ಕನಸು ಕಾಣುತ್ತಿದ್ದರು. ಐನ್‌ಸ್ಟೈನ್‌ಗೆ ಆಗ ಅದರಲ್ಲೂ ಆಸಕ್ತಿ ಇರಲಿಲ್ಲ. ಹೀಗೆ ಮೂರು ಪಂಗಡಗಳ ಹತ್ತಿರವೂ ಸುಳಿದು ಮೂರಕ್ಕೂ ಸೇರದೆ ಉಳಿದರು.

ಹಾಗೆ ಉಳಿಸಿಕೊಂಡ ಸಮಯ ಕೆಲಸಕ್ಕೆ ಹೋಯಿತು. ವಿನಿಚ್ನಾ ಬೀದಿಯ ಅವರ ಕಚೇರಿ ಕಿಟಕಿಯಿಂದ ಮಾನಸಿಕ ಆಸ್ಪತ್ರೆಯ ತೋಟ ಕಾಣುತ್ತಿತ್ತು. ಅಲ್ಲೇ ಕೂತು 1911ರಲ್ಲಿ, ಸೂರ್ಯನ ಹತ್ತಿರ ಹಾದುಬರುವ ಬೆಳಕು ಗುರುತ್ವದಿಂದ ಬಾಗುತ್ತೆ, ಗ್ರಹಣದ ಹೊತ್ತಲ್ಲಿ ಅದನ್ನು ಅಳೆಯಬಹುದು ಅಂತ ಬರೆದರು. ಅವರ ಆಗಿನ ಲೆಕ್ಕ 0.83 ಆರ್ಕ್ ಸೆಕೆಂಡ್. ಅದು ಸರಿಯಾದ ಬೆಲೆಯ ಅರ್ಧದಷ್ಟೇ. 1914ರಲ್ಲಿ ಅಳೆಯೋಕೆ ಕ್ರಿಮಿಯಾಗೆ ಹೋದ ಜರ್ಮನ್ ಖಗೋಳಜ್ಞ ಫ್ರಾಯಿಂಡ್ಲಿಶ್ ಅವರನ್ನು, ಅಷ್ಟರಲ್ಲಿ ಯುದ್ಧ ಶುರುವಾಗಿ, ರಷ್ಯನ್ನರು ಶತ್ರು ದೇಶದವನೆಂದು ಹಿಡಿದಿಟ್ಟರು. 1915ರಲ್ಲಿ ಐನ್‌ಸ್ಟೈನ್ ಲೆಕ್ಕ ತಿದ್ದಿದರು. 1919ರಲ್ಲಿ ಅದನ್ನು ಅಳೆದು ಒಪ್ಪಿದವರು ಜರ್ಮನಿಯ ಎದುರು ಯುದ್ಧ ಮಾಡಿದ ದೇಶದ ಎಡಿಂಗ್‌ಟನ್ ಮತ್ತು ಅವರ ಜೊತೆಯವರು.

ಆದರೆ ಯಾರ ಕಡೆಯೂ ಇಲ್ಲದೆ ಇರೋದು ಪುಕ್ಕಟೆ ಅಲ್ಲ. ಗಂಡನಿಗೆ ಸಮೀಕರಣಗಳಿದ್ದವು. ಇಬ್ಬರು ಚಿಕ್ಕ ಮಕ್ಕಳ ಜೊತೆ ಮನೆಯಲ್ಲಿದ್ದ ಮಿಲೇವಾಗೆ ಏನಿತ್ತು? ಅವರಿಗೆ ಪ್ರಾಗ್ ಒಗ್ಗಲೇ ಇಲ್ಲ. ಜ್ಯೂರಿಕ್‌ಗೆ ವಾಪಸ್ ಹೋಗಬೇಕು ಅನ್ನೋ ಆಸೆ ಅವರದ್ದೇ ಹೆಚ್ಚು. ಇನ್ನೊಂದು ಮಾತನ್ನೂ ಒಪ್ಪಬೇಕು. ಐನ್‌ಸ್ಟೈನ್ ಒಡನಾಟವೆಲ್ಲ ಹೆಚ್ಚುಕಮ್ಮಿ ಜರ್ಮನ್ ಮಾತಾಡುವವರ ಜೊತೆಗೇ. ಊರಿನ ಬಹುಪಾಲು ಜನರನ್ನು ಅವರು ದೂರದಿಂದಲೇ ನೋಡಿದರು.

1912ರಲ್ಲಿ ಅವರು ಓದಿದ ಜ್ಯೂರಿಕ್ ಪಾಲಿಟೆಕ್ನಿಕ್ಕೇ ಕರೆಯಿತು, ಹೊರಟರು. ಅವರನ್ನು ಓಡಿಸಿದ್ದು ಯಾರು ಅಂತ ಪತ್ರಿಕೆಗಳು ಊಹೆ ಶುರು ಮಾಡಿದವು. ಯಾರ ಮೇಲೂ ದೂರಿಲ್ಲ ಅಂತ ಐನ್‌ಸ್ಟೈನ್ ವಿಯೆನ್ನಾದ ಅಧಿಕಾರಿಗೆ ಬರೆದು ತಿಳಿಸಿದರು. ತಮ್ಮ ಹೆಸರನ್ನು ಒಬ್ಬರು ಇನ್ನೊಬ್ಬರಿಗೆ ಹೊಡೆಯೋ ಕಲ್ಲಾಗಲು ಬಿಡಲಿಲ್ಲ. ಅವರ ಜಾಗಕ್ಕೆ ಪಾಲ್ ಎರೆನ್‌ಫೆಸ್ಟ್ ಬರಬಹುದಿತ್ತು. ಧರ್ಮದ ಕಾಲಂ ತುಂಬಲು ಎರೆನ್‌ಫೆಸ್ಟ್ ಒಪ್ಪಲೇ ಇಲ್ಲ, ಕೆಲಸ ಹೋಯಿತು. ಬಂದವರು ಫಿಲಿಪ್ ಫ್ರಾಂಕ್, ಯೂನಿಫಾರ್ಮ್ ಸಿಕ್ಕಿದ್ದೂ ಅವರಿಗೇ.

1914ರಲ್ಲಿ ಐನ್‌ಸ್ಟೈನ್ ಬರ್ಲಿನ್ ಸೇರಿದರು. ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಬದಿಗೆ ನಿಲ್ಲೋ ದಾರಿ ಮುಚ್ಚಿಹೋಗಿತ್ತು. 1920ರ ಆಗಸ್ಟ್ 24ರಂದು ಬರ್ಲಿನ್ ಫಿಲ್‌ಹಾರ್ಮೊನಿಕ್ ಸಭಾಂಗಣದಲ್ಲಿ ರಿಲೇಟಿವಿಟಿ ವಿರುದ್ಧ ಸಭೆ ಸೇರಿಸಿದರು. ಮಾತು ಭೌತಶಾಸ್ತ್ರದ್ದಾದರೂ ವಿಷ ಯೆಹೂದಿ ದ್ವೇಷದ್ದು. ಐನ್‌ಸ್ಟೈನ್ ತಾವೇ ಹೋಗಿ ಕೂತು ಕೇಳಿ ಬಂದರು, ಮೂರೇ ದಿನದಲ್ಲಿ ಪತ್ರಿಕೆಯಲ್ಲಿ ಖಾರವಾಗಿ ಉತ್ತರ ಕೊಟ್ಟರು. ಸ್ನೇಹಿತರಿಗೇ ಅದು ಅತಿಯಾಯಿತು ಅನಿಸಿತು. ಕಾಲಂ ಖಾಲಿ ಬಿಟ್ಟರೆ ಬೇರೆಯವರು ತುಂಬುತ್ತಾರೆ ಅನ್ನೋ ಪ್ರಾಗ್‌ನ ಪಾಠ ಈಗ ಇನ್ನೊಂದು ಅರ್ಥ ಪಡೆಯಿತು. ಈ ಸಲ ಅವರು ತಾವೇ ತುಂಬಿದರು. ಪೆಟ್ಟು ತಿನ್ನುತ್ತಿರುವವರ ಜೊತೆ ನಾನೂ ಒಬ್ಬ ಅಂತ ಎಲ್ಲರೆದುರು ನಿಂತರು, 1921ರಲ್ಲಿ ಜೆರುಸಲೆಮ್‌ನ ಹೀಬ್ರೂ ವಿಶ್ವವಿದ್ಯಾಲಯಕ್ಕಾಗಿ ಅಮೆರಿಕ ಸುತ್ತಿ ಹಣ ಕೂಡಿಸಿದರು. ಆದರೂ ಯಾವ ದೇಶದ ರಾಷ್ಟ್ರವಾದಿಯೂ ಆಗಲಿಲ್ಲ. 1933ರಲ್ಲಿ ಹಿಟ್ಲರ್ ಬಂದ ಮೇಲೆ ಜರ್ಮನಿಯನ್ನು ಎರಡನೇ ಸಲ ಬಿಟ್ಟರು. 1955ರ ಏಪ್ರಿಲ್ 18ರಂದು ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು.

ಪ್ರಾಗ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಮಗ ಹಾನ್ಸ್ ಆಲ್ಬರ್ಟ್ ಮುಂದೆ ಹೈಡ್ರಾಲಿಕ್ ಇಂಜಿನಿಯರ್ ಆದರು. ನದಿಯ ಹೂಳು ಹೇಗೆ ಸಾಗುತ್ತೆ ಅನ್ನೋ ಅವರ ಕೆಲಸ ಸಿವಿಲ್‌ನವರಿಗೆ ಗೊತ್ತಿರಬಹುದು. ಪಿಕ್ ಕೊನೆಯ ವರ್ಷಗಳಲ್ಲಿ ಪ್ರಾಗ್‌ನಲ್ಲಿದ್ದರು. ನಾಜಿಗಳು ಅವರನ್ನು ಟೆರೆಜಿನ್ ಶಿಬಿರಕ್ಕೆ ಸಾಗಿಸಿದರು. 1942ರಲ್ಲಿ, 82ನೇ ವಯಸ್ಸಿನಲ್ಲಿ, ಅಲ್ಲೇ ಸತ್ತರು.

1921ರ ಜನವರಿಯಲ್ಲಿ ಐನ್‌ಸ್ಟೈನ್ ಪ್ರಾಗ್‌ಗೆ ಮತ್ತೆ ಬಂದಾಗ ಅದು ಸ್ವತಂತ್ರ ಚೆಕೊಸ್ಲೊವಾಕಿಯಾದ ರಾಜಧಾನಿ. 1923ರಲ್ಲಿ ಅವರ ರಿಲೇಟಿವಿಟಿ ಪುಸ್ತಕ ಚೆಕ್ ಭಾಷೆಯಲ್ಲಿ ಬಂತು. ಅದರ ಮುನ್ನುಡಿಯಲ್ಲಿ, ಸಾಮಾನ್ಯ ಸಾಪೇಕ್ಷತೆಯ ಆಲೋಚನೆ ಗಟ್ಟಿಯಾಗಲು ಬೇಕಾದ ನೆಮ್ಮದಿ ತನಗೆ ಸಿಕ್ಕಿದ್ದು ವಿನಿಚ್ನಾ ಬೀದಿಯ ಆ ಕೋಣೆಯಲ್ಲಿ ಅಂತ ನೆನೆದರು. ಅವತ್ತು ದೂರದಿಂದಲೇ ನೋಡಿದ ಜನರಿಗೆ, ಅವರದ್ದೇ ಭಾಷೆಯಲ್ಲಿ ಸಂದ ಕೃತಜ್ಞತೆ ಅದು.